ಕಬ್ಬಿಣಕ್ಕೂ ಒಂದು ಇಷ್ಟದ ದಿಕ್ಕು



ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನೀವೆಲ್ಲ ನೋಡಿದ್ದೀರಿ. ಕೆಲವು ಬಗೆಯ ಗಾಳಿಯಂತ್ರಗಳ ಜನರೇಟರಿನೊಳಗೆ ಬಲವಾದ ಕಾಯಂ ಅಯಸ್ಕಾಂತ ಇರುತ್ತದೆ. ಕಾಯಂ ಎಂದರೆ, ಅದರ ಕಾಂತತ್ವ ಹಿಡಿದ ದಿಕ್ಕನ್ನು ಸುಲಭಕ್ಕೆ ಬಿಡುವುದಿಲ್ಲ. ಲೋಹಕ್ಕೆ ಈ ಹಟ ಎಲ್ಲಿಂದ ಬಂತು? ನಾನು ಬಿ.ಇ. ಓದಿ ಸಾಫ್ಟ್‌ವೇರ್ ಬರೆಯುವವನು, ಭೌತವಿಜ್ಞಾನಿಯಲ್ಲ. ಆದರೆ ಇದರ ಲೆಕ್ಕ ನನ್ನ ಕಸುಬಿಗೆ ಹತ್ತಿರದ್ದು, ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಕಬ್ಬಿಣದ ಹರಳಿನಲ್ಲಿ ಪರಮಾಣುಗಳು ಘನಾಕಾರದಲ್ಲಿ ಜೋಡಿಸಿಕೊಂಡಿರುತ್ತವೆ. ಅದರ ಕಾಂತತ್ವಕ್ಕೆ ಘನದ ಅಂಚಿನ ದಿಕ್ಕು ಇಷ್ಟ. ನಿಕಲ್‌ಗೆ ಮೂಲೆಯಿಂದ ಎದುರು ಮೂಲೆಗೆ ಹೋಗುವ ಕರ್ಣದ ದಿಕ್ಕು. ಎಲೆಕ್ಟ್ರಾನಿನ ಸ್ಪಿನ್ನಿಗೂ ಅದರ ಕಕ್ಷೆಯ ಚಲನೆಗೂ ಇರುವ ನಂಟೇ ಇದರ ಮೂಲ ಎಂದು ವ್ಯಾನ್ ವ್ಲೆಕ್ 1937ರಲ್ಲಿ ವಿವರಿಸಿದರು.

ಲೆಕ್ಕ ಹೇಳಲು ಸುಲಭ. 1964-65ರಲ್ಲಿ ವಾಲ್ಟರ್ ಕೋನ್ ಮತ್ತು ಸಂಗಡಿಗರು ಕೊಟ್ಟ ಸಿದ್ಧಾಂತ ಬಳಸಿ, ಕಾಂತತ್ವವನ್ನು ಒಂದು ಸಲ ಅಂಚಿನತ್ತ, ಇನ್ನೊಂದು ಸಲ ಕರ್ಣದತ್ತ ಇಟ್ಟು ಶಕ್ತಿಯನ್ನು ಲೆಕ್ಕ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ತೊಡಕಿರುವುದು ಆ ಕಳೆಯುವುದರಲ್ಲೇ. ಕಬ್ಬಿಣದ ಒಂದು ಪರಮಾಣುವಿನ ಒಟ್ಟು ಶಕ್ತಿ ಸುಮಾರು 35,000 ಎಲೆಕ್ಟ್ರಾನ್ ವೋಲ್ಟ್. ವ್ಯತ್ಯಾಸವೋ, ಒಂದು ಎಲೆಕ್ಟ್ರಾನ್ ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು! ನಮ್ಮ ಎರಿ ಹೊಲದ ಮಾತಿನಲ್ಲಿ ಹೇಳುವುದಾದರೆ, ಸಾವಿರಾರು ಕ್ವಿಂಟಲ್ ಬಿಳಿಜೋಳದ ರಾಶಿಯನ್ನು ಎರಡು ಸಲ ತೂಗಿ, ಒಂದು ಕಾಳು ಕಡಿಮೆಯಾಯಿತೇ ಎಂದು ಹೇಳಬೇಕು. ಕಂಪ್ಯೂಟರಿನಲ್ಲಿ ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಟ್ಟರೆ ಸುಮಾರು ಏಳು ಅಂಕಿ ಮಾತ್ರ ನಿಲ್ಲುತ್ತವೆ, ಕಾಳು ಮಾಯ. 64 ಬಿಟ್‌ನಲ್ಲಿ 15-16 ಅಂಕಿ ಉಳಿಯುತ್ತವೆ. ಅದೂ ಸಾಲದು. ಎಲೆಕ್ಟ್ರಾನ್ ಅಲೆಗಳನ್ನು ಸಾವಿರಾರು ಬಿಂದುಗಳಲ್ಲಿ ಲೆಕ್ಕ ಹಾಕಿ ಕೂಡಿಸಬೇಕು. ಬಿಂದು ಕಡಿಮೆಯಾದರೆ ಇಷ್ಟದ ದಿಕ್ಕೇ ಉಲ್ಟಾ ಬರಬಹುದು.

1990ರಲ್ಲಿ ಡಾಲ್ಡೆರಾಪ್, ಕೆಲ್ಲಿ, ಶೂರ್ಮನ್ಸ್ ಎಂಬ ಮೂವರು ಕಬ್ಬಿಣ, ಕೋಬಾಲ್ಟ್, ನಿಕಲ್‌ಗಳಿಗೆ ಈ ಲೆಕ್ಕ ಮಾಡಿದರು. ನಿಕಲ್‌ನ ದಿಕ್ಕು ತಪ್ಪಾಗಿ ಬಂತು. ಬಂದದ್ದನ್ನು ಬಂದ ಹಾಗೆಯೇ ಪ್ರಕಟಿಸಿದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. 2001ರಲ್ಲಿ ಮತ್ತೊಂದು ತಂಡ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಹೆಚ್ಚು ಸರಿಯಾಗಿ ಸೇರಿಸಿಕೊಂಡಾಗ ನಿಕಲ್ ತನ್ನ ದಿಕ್ಕಿಗೆ ಬಂತು.

ಇವತ್ತಿನ ಬಲವಾದ ಅಯಸ್ಕಾಂತಗಳಿಗೆ ನಿಯೋಡಿಮಿಯಂ ಬೇಕು, ಅದರ ಸಂಸ್ಕರಣೆ ಬಹುಪಾಲು ಚೀನಾದ ಕೈಯಲ್ಲಿದೆ. ಅದಿಲ್ಲದ ಅಯಸ್ಕಾಂತ ಹುಡುಕುವವರು ಮೊದಲು ಈ ಲೆಕ್ಕವನ್ನೇ ಮಾಡಿ ನೋಡುತ್ತಾರೆ. ದೊಡ್ಡ ಲೆಕ್ಕಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗದಂಥ ಯಂತ್ರ ಬೇಕು. ಆದರೆ ಕ್ವಾಂಟಮ್ ಎಸ್ಪ್ರೆಸ್ಸೊ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮಕ್ಕಳೇ, ಮುಂದೆ ಕಾಲೇಜಿಗೆ ಹೋದಾಗ ಕಬ್ಬಿಣದ ಲೆಕ್ಕವನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಶುರು ಮಾಡಬಹುದು. ರಾತ್ರಿ ಹಚ್ಚಿಟ್ಟು ಮಲಗಿ. ಮರುದಿನ ಬಿಂದುಗಳನ್ನು ಹೆಚ್ಚಿಸಿ ಮತ್ತೆ ಹಚ್ಚಿ, ಉತ್ತರ ಅಲುಗಾಡುವುದು ನಿಂತಿತೇ ನೋಡಿ.