ಮರ ಕೊಯ್ಯುವ ಯಂತ್ರವನ್ನು ಆರಿಸುವ ಬಗೆ



ಇಂದಿನ ಮಾತಿನ ವಿಷಯ ಚೈನ್‌ಸಾ, ಅಂದರೆ ಸರಪಳಿ ಗರಗಸ. ಹಳ್ಳಿಗಳಲ್ಲಿ ಇದನ್ನು ಮರ ಕೊಯ್ಯುವ ಮಿಷನ್ ಎಂದು ಕರೆಯುತ್ತಾರೆ. ಇದು ತೋಟದವರಿಗೆ ಸಂಬಂಧಿಸಿದ ವಿಷಯ, ನಮಗೇಕೆ ಎಂದು ನೀವು ಕೇಳಬಹುದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೊಡಲಿ, ಗರಗಸ ಹಿಡಿದು ಮರದ ಕೆಲಸ ಮಾಡುವ ಆಳುಗಳು ಸಿಗುವುದು ಕಷ್ಟವಾಗಿದೆ. ಹಾಗಾಗಿ ಈ ಯಂತ್ರ ಮನೆಮನೆಗೆ ಬರುತ್ತಿದೆ. ಅದರ ಜೊತೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿ ಅಪ್ಪನಿಗೋ ದೊಡ್ಡಪ್ಪನಿಗೋ ಅರ್ಥ ಹೇಳಬೇಕಾದವರು ನೀವೇ. ಅಲ್ಲದೆ ನೀವು ತರಗತಿಯಲ್ಲಿ ಓದುವ ಭೌತಶಾಸ್ತ್ರದ ಅರ್ಧ ಪುಸ್ತಕವೇ ಈ ಯಂತ್ರದೊಳಗೆ ಅಡಗಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರವನ್ನು ಆರಿಸಲು ನೀವು ನೆರವಾಗಿ. ಆದರೆ 18 ವರ್ಷ ತುಂಬದವರು, ತಿಳಿದವರಿಂದ ಕಲಿಯದವರು ಇದನ್ನು ಚಾಲೂ ಮಾಡುವುದು ಬೇಡ.

ಅಂಗಡಿಗೆ ಹೋದ ಕೂಡಲೇ ನಾವು ಕೇಳುವ ಪ್ರಶ್ನೆ, "ಇದು ಎಷ್ಟು ಸಿಸಿ?" ಮೋಟಾರ್ ಸೈಕಲ್ ಕೊಂಡು ರೂಢಿಯಾದ ಪ್ರಶ್ನೆ ಅದು. ಸಿಸಿ ಹೆಚ್ಚಿದಷ್ಟೂ ಯಂತ್ರ ಒಳ್ಳೆಯದು ಎಂಬ ನಂಬಿಕೆ ಅದರ ಹಿಂದಿದೆ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಗೆ ಮೂರನೆಯ ಸ್ಥಾನ. ಮೊದಲು ಕೇಳಿಕೊಳ್ಳಬೇಕಾದದ್ದು, ನಾವು ಕೊಯ್ಯುವುದು ಯಾವ ಮರ, ಅದು ಎಷ್ಟು ದಪ್ಪ ಎಂಬುದನ್ನು. ಎರಡನೆಯದು, ಈ ಯಂತ್ರ ಎಷ್ಟು ಬೇಗ ನಿಲ್ಲುತ್ತದೆ ಎಂಬುದು. ಓಡುವ ಬಗ್ಗೆ ಎಲ್ಲರೂ ಕೇಳುತ್ತಾರೆ, ನಿಲ್ಲುವ ಬಗ್ಗೆ ಕೇಳುವವರು ಕಡಿಮೆ.

ಒಂದು ಅಡಿಕೆ ತೋಟದ ಮನೆಯನ್ನು ತೆಗೆದುಕೊಳ್ಳೋಣ. ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ ಬೇಕು, ಬಚ್ಚಲ ಹಂಡೆಗೆ ಬೇಕು. ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದ ಮರವನ್ನು ತುಂಡರಿಸಬೇಕು. ಅಕೇಶಿಯಾ, ಸಿಲ್ವರ್ ಓಕ್, ಮಾವಿನ ಕೊಂಬೆ ಇವೆಲ್ಲ ಹೆಚ್ಚೆಂದರೆ ಒಂದು ಅಡಿ ದಪ್ಪ. ಇದಕ್ಕೆ 14ರಿಂದ 16 ಅಂಗುಲದ ಬಾರ್ ಇರುವ ಯಂತ್ರ ಧಾರಾಳವಾಗಿ ಸಾಕು. ಬಾರ್ ಎಂದರೆ ಚೈನು ಸುತ್ತುವ ಆ ಉದ್ದನೆಯ ಉಕ್ಕಿನ ಪಟ್ಟಿ. ಅಪರೂಪಕ್ಕೆ ಹೆಚ್ಚು ದಪ್ಪದ ದಿಮ್ಮಿ ಬಂದರೆ, ಕೆಲಸ ತಿಳಿದವರು ಎರಡೂ ಕಡೆಯಿಂದ ಕೊಯ್ಯುತ್ತಾರೆ. ಉದ್ದ ಬಾರ್ ಕೊಂಡರೆ ಮರದೊಳಗೆ ಒಮ್ಮೆಲೇ ಹೆಚ್ಚು ಹಲ್ಲುಗಳು ಕೆಲಸ ಮಾಡಬೇಕಾಗುತ್ತದೆ. ಅದಕ್ಕೆ ಹೆಚ್ಚು ಶಕ್ತಿ ಬೇಕು, ಯಂತ್ರ ಮುಂಭಾರವಾಗುತ್ತದೆ, ಅರ ಹಾಕಬೇಕಾದ ಹಲ್ಲುಗಳೂ ಜಾಸ್ತಿ.

ಈಗ ಸಿಸಿಗೆ ಬರೋಣ. ಸೌದೆ ಮತ್ತು ತೋಟದ ಕೆಲಸಕ್ಕೆ 35ರಿಂದ 50 ಸಿಸಿ ಒಳಗಿನ ಇಂಜಿನ್ ಸರಿಯಾದ ಅಳತೆ. ಇವುಗಳ ಶಕ್ತಿ ಸುಮಾರು ಒಂದೂವರೆಯಿಂದ ಎರಡೂವರೆ ಕಿಲೋವಾಟ್. ಒಂದು ಅಶ್ವಶಕ್ತಿ 746 ವಾಟ್ ಎಂಬುದನ್ನು ನೆನೆದರೆ ಎರಡರಿಂದ ಮೂರು ಅಶ್ವಶಕ್ತಿಗೂ ಸ್ವಲ್ಪ ಹೆಚ್ಚು. ಪೇಟೆಯಲ್ಲಿ ಕೆಲವು ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲೆ 58 ಸಿಸಿ, 22 ಅಂಗುಲ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಪರೀಕ್ಷಿಸಲು ನಿಮ್ಮ ಗಣಿತವೇ ಸಾಕು. ಕೈಪಿಡಿಯಲ್ಲಿ ಸಿಲಿಂಡರಿನ ವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರ ಕೊಟ್ಟಿದ್ದರೆ ಸಿಲಿಂಡರಿನ ಗಾತ್ರದ ಸೂತ್ರ ಹಾಕಿ. ಉದಾಹರಣೆಗೆ ವ್ಯಾಸ 44 ಮಿಲಿಮೀಟರ್, ದೂರ 32 ಮಿಲಿಮೀಟರ್ ಇದ್ದರೆ ಗಾತ್ರ 48.7 ಘನ ಸೆಂಟಿಮೀಟರ್ ಅಷ್ಟೇ, 58 ಅಲ್ಲ. ಆ ಎರಡು ಅಳತೆಗಳನ್ನೇ ಕೊಡದಿದ್ದರೆ, ಕಿಲೋವಾಟ್ ಎಷ್ಟು ಎಂದು ಕೇಳಿ. ಅದಕ್ಕೂ ಉತ್ತರ ಬಾರದಿದ್ದರೆ ಬೇರೆ ಅಂಗಡಿಗೆ ನಡೆಯಿರಿ.

ಇಷ್ಟು ಚಿಕ್ಕ ಇಂಜಿನ್ನಿಗೆ ಇಷ್ಟು ಶಕ್ತಿ ಎಲ್ಲಿಂದ? ಇದು ಎರಡು ಸ್ಟ್ರೋಕಿನ ಇಂಜಿನ್. ನಾಲ್ಕು ಸ್ಟ್ರೋಕಿನದರಲ್ಲಿ ಎರಡು ಸುತ್ತಿಗೆ ಒಮ್ಮೆ ಇಂಧನ ಉರಿದರೆ, ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಇದರ ಕೆಳಭಾಗದಲ್ಲಿ ಆಯಿಲ್ ತುಂಬಿಡುವ ತೊಟ್ಟಿ ಇಲ್ಲ. ಆದ್ದರಿಂದಲೇ ಯಂತ್ರವನ್ನು ಓರೆಯಾಗಿ ಹಿಡಿದರೂ ನಡೆಯುತ್ತದೆ. ಆದ್ದರಿಂದಲೇ ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಲೂಬೇಕು. ಒಳ್ಳೆಯ ಆಯಿಲ್ ಆದರೆ ಸಾಮಾನ್ಯವಾಗಿ 50 ಭಾಗಕ್ಕೆ 1 ಭಾಗ, ಅಂದರೆ ಲೀಟರಿಗೆ 20 ಮಿಲಿಲೀಟರ್. ಅಂದಾಜಿನಲ್ಲಿ ಸುರಿಯಬಾರದು, ಅಳತೆ ಪಾತ್ರೆಯಲ್ಲೇ ಹಾಕಬೇಕು. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಯಂತ್ರ ಮೊದಲ ದಿನವೇ ಗುಜರಿ. ನಮ್ಮಲ್ಲಿ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇದೆ, 2025ರ ಹೊತ್ತಿಗೆ ಅದರ ಪ್ರಮಾಣ ನೂರಕ್ಕೆ 20ಕ್ಕೆ ಏರಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೆರೆಸಿಟ್ಟ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬಾರದು. ಯಾವ ಪ್ರಮಾಣದ ಎಥನಾಲ್‌ವರೆಗೆ ಯಂತ್ರ ತಡೆದುಕೊಳ್ಳುತ್ತದೆ ಎಂಬುದು ಕೈಪಿಡಿಯಲ್ಲಿರುತ್ತದೆ. ಕೊಳ್ಳುವ ಮುಂಚೆಯೇ ಆ ಪುಟ ತೆರೆಸಿ ಓದಿ.

ಇನ್ನು ಚೈನು. ಈ ಯಂತ್ರದ ಜೀವ ಇರುವುದು ಇಂಜಿನ್ನಿನಲ್ಲಲ್ಲ, ಚೈನಿನಲ್ಲಿ. ಇದರ ಹಿಂದೆ ಒಂದು ಸ್ವಾರಸ್ಯದ ಇತಿಹಾಸವಿದೆ. ಕೊನೆಯಿಲ್ಲದೆ ಸುತ್ತುವ ಚೈನಿನ ಗರಗಸವನ್ನು 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಮಾಡಿದ್ದು ಮರಕ್ಕಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕತ್ತರಿಸುವುದಕ್ಕೆ! ಅದನ್ನು ಕೈಯಿಂದ ತಿರುಗಿಸುತ್ತಿದ್ದರು. ಮರ ಕೊಯ್ಯುವ ಪೆಟ್ರೋಲ್ ಯಂತ್ರಗಳು 1920ರ ದಶಕದ ಕೊನೆಗೆ ಬಂದವು, ಆದರೆ ಅವನ್ನು ಇಬ್ಬರು ಹಿಡಿಯಬೇಕಿತ್ತು. ಚೈನೂ ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಜೋ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ ಮರ ಕೊರೆಯುವ ಒಂದು ದುಂಬಿಯ ಮರಿಹುಳುವನ್ನು ಗಮನಿಸಿದ. ಅದರ ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತ, ಗಟ್ಟಿ ಮರವನ್ನೂ ಸಲೀಸಾಗಿ ಕೊರೆಯುತ್ತಿದ್ದವು. ಅದನ್ನೇ ಮಾದರಿಯಾಗಿಟ್ಟುಕೊಂಡು ಅವನು ಎಡ, ಬಲ ಹಲ್ಲುಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿದ ಚೈನು ಮಾಡಿದ. ಇಂದಿನ ಚೈನುಗಳೂ ಮೂಲತಃ ಅದೇ ರೀತಿಯವು.

ಒಂದು ಲೆಕ್ಕ ಮಾಡೋಣ. ಚೈನಿನ ಅಳತೆಗೆ ಪಿಚ್ ಎಂದು ಹೆಸರು. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರಿಂದ ಮೂರನೆಯದರವರೆಗಿನ ದೂರದ ಅರ್ಧವೇ ಪಿಚ್. ಪಿಚ್ 0.325 ಅಂಗುಲ, ತಿರುಗಿಸುವ ಚಕ್ರಕ್ಕೆ 7 ಹಲ್ಲು ಇದ್ದರೆ, ಚಕ್ರ ಒಂದು ಸುತ್ತು ತಿರುಗಿದಾಗ ಚೈನು 4.55 ಅಂಗುಲ ಮುಂದೆ ಹೋಗುತ್ತದೆ. ನಿಮಿಷಕ್ಕೆ 10,000 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 19 ಮೀಟರ್, ಗಂಟೆಗೆ ಸುಮಾರು 69 ಕಿಲೋಮೀಟರ್. ಹೆದ್ದಾರಿಯ ಬಸ್ಸಿನ ವೇಗದಲ್ಲಿ ಹರಿತವಾದ ಹಲ್ಲುಗಳು ನಿಮ್ಮ ಮೊಣಕಾಲಿನಿಂದ ಒಂದೆರಡು ಅಡಿ ದೂರದಲ್ಲಿ ಓಡುತ್ತಿವೆ ಎಂದು ಕಲ್ಪಿಸಿಕೊಳ್ಳಿ.

ಈ ಯಂತ್ರದ ದೊಡ್ಡ ಅಪಾಯ ಇರುವುದು ಬಾರಿನ ಮೂತಿಯಲ್ಲಿ. ಮೂತಿಯ ಮೇಲಿನ ಕಾಲು ಭಾಗ ಕೊಂಬೆಗೋ ಪಕ್ಕದ ದಿಮ್ಮಿಗೋ ತಗುಲಿದರೆ, ಅಲ್ಲಿ ಕೆಳಮುಖವಾಗಿ ತಿರುಗುತ್ತಿರುವ ಹಲ್ಲು ಮರಕ್ಕೆ ಸಿಕ್ಕಿ ನಿಲ್ಲುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ: ಬಾರ್ ಮೇಲಕ್ಕೂ ಹಿಂದಕ್ಕೂ ಎಗರಿ, ಹಿಡಿದವನ ಮುಖ, ಕುತ್ತಿಗೆ, ಭುಜದ ಕಡೆಗೆ ಬರುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಅಪಾಯ ಕಂಡು ಕೈ ಅಲುಗಾಡಿಸಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಕಿಕ್‌ಬ್ಯಾಕ್ ಅದಕ್ಕಿಂತ ಮುಂಚೆಯೇ ಆಗಿ ಮುಗಿದಿರುತ್ತದೆ. "ನಾನು ಹುಷಾರಾಗಿ ಹಿಡಿಯುತ್ತೇನೆ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಒಂದು ಕೃಷಿ ಕಾರ್ಯಕ್ರಮದ ಚಿತ್ರೀಕರಣದಲ್ಲಿ ಭೇಟಿಯಾದ ನುರಿತ ಕೆಲಸಗಾರರೊಬ್ಬರು ತಮ್ಮ ಎಡಭುಜದ ಉದ್ದನೆಯ ಗಾಯದ ಗುರುತನ್ನು ತೋರಿಸಿದ್ದರು. ಅವರದು 12 ವರ್ಷದ ಅನುಭವ.

ಇಲ್ಲಿ ಕಾಪಾಡುವುದು ಚೈನ್ ಬ್ರೇಕ್. ಮುಂದಿನ ಹಿಡಿಯ ಎದುರಿಗಿರುವ ಪ್ಲಾಸ್ಟಿಕ್ ಫಲಕ ಬರೀ ಕೈಗೆ ಅಡ್ಡವಲ್ಲ, ಬ್ರೇಕಿನ ಸನ್ನೆಯೂ ಹೌದು. ಯಂತ್ರ ಹಠಾತ್ತನೆ ಹಿಂದಕ್ಕೆ ತಿರುಗಿದಾಗ ಜಡತ್ವದಿಂದಾಗಿ ಆ ಫಲಕ ಇದ್ದಲ್ಲೇ ಇರಲು ನೋಡುತ್ತದೆ. ಯಂತ್ರಕ್ಕೆ ಹೋಲಿಸಿದರೆ ಅದು ಮುಂದಕ್ಕೆ ಬಾಗಿದಂತೆ. ಆಗ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು ಉಕ್ಕಿನ ಪಟ್ಟಿಯೊಂದು ಕ್ಲಚ್ಚಿನ ಡ್ರಮ್ಮನ್ನು ಬಿಗಿಯಾಗಿ ಹಿಡಿಯುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಚೈನು ನಿಲ್ಲುತ್ತದೆ. ಮನುಷ್ಯನ ಕೈ ಸೋಲುವ ಕಡೆ ನ್ಯೂಟನ್ನನ ಮೊದಲ ನಿಯಮ ಕೆಲಸ ಮಾಡುತ್ತದೆ. ಕೆಲವು ಯಂತ್ರಗಳಲ್ಲಿ ಫಲಕ ಇರುತ್ತದೆ, ಆದರೆ ಅದು ಕೈಯಿಂದ ತಳ್ಳಿದರೆ ಮಾತ್ರ ಬ್ರೇಕ್ ಹಿಡಿಯುತ್ತದೆ. ಜಡತ್ವದಿಂದ ತಾನೇ ಬೀಳುವ ಬ್ರೇಕ್ ಇದೆಯೇ ಎಂದು ಸ್ಪಷ್ಟವಾಗಿ ಕೇಳಿ. ಇಲ್ಲವಾದರೆ ಎಷ್ಟೇ ಅಗ್ಗವಾದರೂ ಅದು ಬೇಡ.

ಅಂಗಡಿಯವರಿಂದಲೇ ಯಂತ್ರವನ್ನು ಚಾಲೂ ಮಾಡಿಸಿ ನೋಡಿ. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ನಿಧಾನವಾಗಿ ತಿರುಗುತ್ತಿದ್ದರೂ ಚೈನು ಅಲುಗಬಾರದು. ಇದು ಕೇಂದ್ರಾಪಗಾಮಿ ಕ್ಲಚ್ಚಿನ ಕೆಲಸ. ವೇಗ ಹೆಚ್ಚಿದಾಗ ಮಾತ್ರ ಅದರ ತೂಕದ ತುಂಡುಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯಬೇಕು. ಹಿಂದಿನ ಹಿಡಿಯ ಮೇಲಿನ ಗುಂಡಿಯನ್ನು ಅಂಗೈ ಒತ್ತದಿದ್ದರೆ ಆಕ್ಸಿಲರೇಟರ್ ಎಳೆಯಲು ಬರಬಾರದು. ಬಾರಿನ ಮೂತಿಯನ್ನು ಒಂದು ಬಿಳಿ ರಟ್ಟಿನ ಮುಂದೆ, ತಗುಲದಂತೆ ಹಿಡಿದು ವೇಗ ಏರಿಸಿದರೆ ರಟ್ಟಿನ ಮೇಲೆ ಎಣ್ಣೆಯ ತೆಳು ಗೆರೆ ಮೂಡಬೇಕು. ಮೂಡಿದರೆ ಚೈನಿಗೆ ಎಣ್ಣೆ ಹೋಗುತ್ತಿದೆ ಎಂದರ್ಥ. ಆ ಎಣ್ಣೆಯ ಬದಲು ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಹಾಕುವವರುಂಟು. ಅದರಲ್ಲಿ ಲೋಹದ ಕಣಗಳಿರುತ್ತವೆ, ಚರ್ಮಕ್ಕೂ ಕೆಟ್ಟದ್ದು. ಹಿಡಿಗಳಿಗೂ ಇಂಜಿನ್ನಿಗೂ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇದೆಯೇ ನೋಡಿ. ಕಂಪನ ವರ್ಷಗಟ್ಟಲೆ ಕೈಗೆ ಬಡಿದರೆ ಬೆರಳುಗಳ ರಕ್ತಸಂಚಾರ ಕುಂದಿ, ಚಳಿಯಲ್ಲಿ ಅವು ಬಿಳಿಚಿಕೊಂಡು ಮರಗಟ್ಟುತ್ತವೆ.

ಮನೆಗೆ ಬಂದ ಮೇಲೆ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅರ ಹಾಕುವವರ ಕೈಯಲ್ಲಿದೆ. ಹರಿತವಾದ ಚೈನು ಚಕ್ಕೆಗಳನ್ನು ಉದುರಿಸುತ್ತದೆ, ಮೊಂಡು ಚೈನು ನುಣ್ಣನೆಯ ಪುಡಿಯನ್ನು. ಪುಡಿ ಬರತೊಡಗಿದರೆ ಯಂತ್ರವನ್ನು ಒತ್ತಬಾರದು, ನಿಲ್ಲಿಸಿ ಅರ ಹಾಕಬೇಕು. 0.325 ಪಿಚ್ಚಿಗೆ 4.8 ಮಿಲಿಮೀಟರಿನ ದುಂಡು ಅರ, ಸಣ್ಣ ಯಂತ್ರಗಳ 3/8 ಅಂಗುಲದ ಗಿಡ್ಡ ಚೈನಿಗೆ 4 ಮಿಲಿಮೀಟರಿನದು. ಕೋನ ಸಾಮಾನ್ಯವಾಗಿ 30 ಡಿಗ್ರಿ. ಗೆದ್ದಲು ಮಣ್ಣು ಮೆತ್ತಿದ ದಿಮ್ಮಿಯನ್ನು ಹಾಗೇ ಕೊಯ್ದರೆ ಐದೇ ನಿಮಿಷದಲ್ಲಿ ಹಲ್ಲು ಹೋಗುತ್ತದೆ, ಮಣ್ಣನ್ನು ಮೊದಲು ಕೆರೆದು ತೆಗೆಯಬೇಕು. ತೆಂಗಿನ ಕಾಂಡವೂ ಚೈನಿನ ಶತ್ರು. ಏಕೆಂದು ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತು: ಅದು ಏಕದಳ ಸಸ್ಯ, ಗಟ್ಟಿ ನಾರಿನ ಕಟ್ಟುಗಳು ಹೊರ ಅಂಚಿನಲ್ಲೇ ಒತ್ತಾಗಿ ಸೇರಿಕೊಂಡಿರುತ್ತವೆ.

ವಿದ್ಯುತ್ ಯಂತ್ರಗಳ ಬಗ್ಗೆ ಒಂದೆರಡು ಮಾತು. ಮನೆಯಂಗಳದಲ್ಲೇ ಸೌದೆ ತುಂಡು ಮಾಡುವುದಾದರೆ ತಂತಿಯ ವಿದ್ಯುತ್ ಯಂತ್ರ ಅಗ್ಗ, ಹೊಗೆಯಿಲ್ಲ. ಆದರೆ ತೆಳು ತಂತಿಯನ್ನು ದೂರ ಎಳೆದರೆ ವೋಲ್ಟೇಜ್ ಕುಸಿದು ಮೋಟಾರು ಬಿಸಿಯಾಗುತ್ತದೆ, ಮಳೆಯಲ್ಲಂತೂ ಮುಟ್ಟಲೇಬಾರದು. ಬ್ಯಾಟರಿ ಯಂತ್ರ ಕೊಂಬೆ ಸವರಲು ಹಗುರ, ಹಿತ. 36 ವೋಲ್ಟ್, 5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 180 ವಾಟ್-ಗಂಟೆ. ಒಂದು ಕಿಲೋವಾಟ್ ಎಳೆದರೆ ಎಷ್ಟು ನಿಮಿಷ ಬಂದೀತು, ನೀವೇ ಭಾಗಿಸಿ ನೋಡಿ. ದಿನವಿಡೀ ಕಟ್ಟಿಗೆ ಕೊಯ್ಯುವ ಮನೆಗೆ ಅದು ಸಾಲದು.

ಯಂತ್ರ ನಮ್ಮದಾದ ಮಾತ್ರಕ್ಕೆ ಮರ ಕಡಿಯುವ ಹಕ್ಕು ಬರುವುದಿಲ್ಲ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರವನ್ನು ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಗಾಳಿಮರ, ಸುಬಾಬುಲ್, ತೆಂಗು ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ನಿಮ್ಮ ಮರ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ಬೆಲೆ ಗೊತ್ತು ಮಾಡುವಾಗ ಯಂತ್ರದ ಬೆಲೆಯೊಂದನ್ನೇ ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಹೆಚ್ಚುವರಿ ಚೈನು, ಸರಿಯಾದ ಅಳತೆಯ ಎರಡು ಅರ, ಮುಖಪರದೆ ಇರುವ ಹೆಲ್ಮೆಟ್ ಅದರ ಜೊತೆಗೇ ಬರಬೇಕು. ಕಿವಿಗೆ ಮುಚ್ಚಳವೂ ಬೇಕು. ಇದರ ಸದ್ದು 100 ಡೆಸಿಬೆಲ್ ದಾಟುತ್ತದೆ. ಇವಕ್ಕಿಂತ ಮುಖ್ಯವಾದದ್ದು, ಇದಕ್ಕೆಂದೇ ಮಾಡಿದ ಪ್ಯಾಂಟು. ಅದರ ಪದರದೊಳಗೆ ಉದ್ದನೆಯ ಎಳೆಗಳಿರುತ್ತವೆ. ಚೈನು ತಗುಲಿದ ಕೂಡಲೇ ಆ ಎಳೆಗಳು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಪಂಚೆ, ಲುಂಗಿಯಲ್ಲಿ ಈ ಯಂತ್ರ ಹಿಡಿಯುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ಹಣ ಸಾಲದಿದ್ದರೆ 50 ಸಿಸಿಯ ಬದಲು 40 ಸಿಸಿಯದನ್ನು ತೆಗೆದುಕೊಳ್ಳಿ, ಉಳಿದ ದುಡ್ಡಿನಲ್ಲಿ ಪ್ಯಾಂಟು ಕೊಳ್ಳಲು ಅಪ್ಪನಿಗೆ ಹೇಳಿ.