ಬೀಗದ ಕೈ ಇದೆ, ಬಾಗಿಲಿಲ್ಲ
(ಶಕ್ತಿನಗರದ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಊರು ಬಿಡುವುದೆಂದರೇನು ಎಂಬುದು ಶಕ್ತಿನಗರದ ಮಕ್ಕಳಿಗೆ ಹೊಸ ಸಂಗತಿಯೇನಲ್ಲ. ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಅದರೊಂದಿಗೆ ಬೆಳೆದ ಈ ಊರಿನಲ್ಲಿ ಹಲವು ಜಿಲ್ಲೆಗಳಿಂದ ಬಂದವರಿದ್ದಾರೆ. ಅಪ್ಪನಿಗೆ ವರ್ಗವಾದಾಗ ಲಾರಿಗೆ ಸಾಮಾನು ಹೇರುವುದನ್ನು ಮಕ್ಕಳು ಕಂಡಿದ್ದಾರೆ. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಗುಳೆ ಗೊತ್ತು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ, ಹಬ್ಬಕ್ಕೆ ಮರಳುತ್ತಾರೆ.

‘ನಿರಾಶ್ರಿತರು’ ಎಂಬ ಮಾತನ್ನು ಚಿಕ್ಕವರಿಗೆ ತಿಳಿಸುವಾಗ ಇಲ್ಲಿಂದಲೇ ಹೊರಡುವುದು ಲೇಸು. ವರ್ಗವಾದವರ ಕೈಯಲ್ಲಿ ಆದೇಶಪತ್ರವಿರುತ್ತದೆ. ಗುಳೆ ಹೋದವರ ಮನೆಗೆ ಬೀಗ ಬಿದ್ದಿದ್ದರೂ ಬೀಗದ ಕೈ ಅವರ ಸೊಂಟದಲ್ಲಿರುತ್ತದೆ. ನಿರಾಶ್ರಿತರ ಬಳಿಯೂ ಬೀಗದ ಕೈ ಇರಬಹುದು, ಆದರೆ ಆ ಬಾಗಿಲಿಗೆ ಹೋಗುವ ದಾರಿಯೇ ಮುಚ್ಚಿಹೋಗಿರುತ್ತದೆ. ಐದು ವರ್ಷದ ಮಗುವಿಗೆ ಇಷ್ಟು ತಿಳಿದರೆ ಸಾಕು. ಗಡಿ, ಒಪ್ಪಂದ, ಪೌರತ್ವ ಇವೆಲ್ಲ ಮುಂದಿನ ತರಗತಿಗಳ ಪಾಠ.

ಉದಾಹರಣೆಗಾಗಿ ಸಿರಿಯಾಕ್ಕೆ ಹೋಗಬೇಕಾಗಿಲ್ಲ. ಇದೇ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ‘ಆರ್.ಎಚ್. ಕ್ಯಾಂಪು’ಗಳೆಂದು ಕರೆಯಲಾಗುವ ಪುನರ್ವಸತಿ ಊರುಗಳಿವೆ. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಸರ್ಕಾರ ಇಲ್ಲಿ ನೆಲೆ ಒದಗಿಸಿತು. ಬರ್ಮಾದಿಂದ ಬಂದ ಕುಟುಂಬಗಳೂ ಇಲ್ಲಿ ನೆಲೆಸಿದವು. ನದಿ, ದೋಣಿ, ಮೀನುಗಳ ನಾಡಿನಿಂದ ಬಂದವರು ಎರೆಮಣ್ಣಿನ ಬಿಸಿಲುನಾಡಿನಲ್ಲಿ ಬದುಕು ಕಟ್ಟಿದರು. ಅವರ ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಆದರೂ ಊರಿನ ಹೆಸರು ಇನ್ನೂ ‘ಕ್ಯಾಂಪು’. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಬಳಿಕ, ಅದೇ ವರ್ಷ ಇಲ್ಲಿನ ಕೆಲವರ ಕೈಗೆ ಪೌರತ್ವ ಪತ್ರ ಬಂತು. ಕಾದದ್ದು ಅರ್ಧ ಶತಮಾನ.

ಕ್ಯಾಂಪು ಎಂಬ ಪದದ ಬಗ್ಗೆಯೂ ಒಂದು ಮಾತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಸಿಂಧನೂರು, ಮಾನ್ವಿ, ಗಂಗಾವತಿಗಳತ್ತ ಬಂದು ಹೊಲ ಕೊಂಡು ನೆಲೆಸಿದ ಊರುಗಳಿಗೂ ಇದೇ ಹೆಸರು. ಹೊಲ ಕೊಂಡು ಬಂದವರಿಗೂ ಹೊಲ ಕಳೆದುಕೊಂಡು ಬಂದವರಿಗೂ ಜನ ಒಂದೇ ಪದ ಇಟ್ಟರು. ಮಕ್ಕಳಿಗೆ ಈ ಎರಡರ ವ್ಯತ್ಯಾಸ ತೋರಿಸಲು ಭಾಷಣಕ್ಕಿಂತ ಚಿತ್ರಪುಸ್ತಕವೇ ಮೇಲು.

ಏಕೆಂದರೆ ಓದು ಬಾರದ ಮಗುವೂ ಚಿತ್ರ ಓದುತ್ತದೆ. ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದಿಂದ ದೋಣಿಗಳಲ್ಲಿ ನಿರಾಶ್ರಿತರು ಬರತೊಡಗಿದಾಗ, ‘ಇಬ್ಬಿ’ ಎಂಬ ಅಂತರರಾಷ್ಟ್ರೀಯ ಬಾಲಸಾಹಿತ್ಯ ಸಂಸ್ಥೆ 2012ರಲ್ಲಿ ಒಂದು ಯೋಜನೆ ಹಾಕಿಕೊಂಡಿತು. ಒಂದಕ್ಷರವೂ ಇಲ್ಲದ ಚಿತ್ರಪುಸ್ತಕಗಳನ್ನು ಹಲವು ದೇಶಗಳಿಂದ ತರಿಸಿ ಆ ದ್ವೀಪಕ್ಕೆ ಒದಗಿಸಿತು. ದ್ವೀಪದ ಮಗು, ದೋಣಿಯಿಂದಿಳಿದ ಮಗು ಇಬ್ಬರೂ ಒಂದೇ ಪುಟದ ಮುಂದೆ ಕೂರಬಹುದು, ಭಾಷೆ ಅಡ್ಡ ಬರುವುದಿಲ್ಲ. ಬಂಗಾಳಿ ಮಾತ್ರ ಬಲ್ಲ ಮಗುವೊಂದು ಕನ್ನಡ ಅಂಗನವಾಡಿಗೆ ಬಂದಾಗಲೂ ಇದೇ ಉಪಾಯ ನಡೆದೀತು.

ನಮ್ಮ ದೇಶದ ಕಥೆ ಬೇಕೆನ್ನುವವರಿಗೆ ನೀನಾ ಸಬ್ನಾನಿ ಅವರ ‘ಮುಕಂದ್ ಅಂಡ್ ರಿಯಾಜ್’ ಇದೆ. ಲೇಖಕಿಯ ತಂದೆಯ ನೆನಪನ್ನು ಆಧರಿಸಿದ ಕಥೆ ಇದು. ಕರಾಚಿಯ ಇಬ್ಬರು ಗೆಳೆಯರು, 1947ರ ದೇಶ ವಿಭಜನೆ, ಅಗಲಿಕೆ, ಇಷ್ಟೇ. ಚಿತ್ರಗಳೆಲ್ಲ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಕೆಲಸದ ಮಾದರಿಯವು. ಕೌದಿಯ ಮೇಲೆ ಮಲಗಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಅದು ಅಪರಿಚಿತವೆನಿಸದು. ರಕ್ತಪಾತವನ್ನು ಬಣ್ಣಿಸಿ ಹೆದರಿಸುವ ಗೊಡವೆಗೆ ಹೋಗದೆ, ಗೆಳೆಯನೊಬ್ಬ ದೂರವಾಗುವುದನ್ನು ಎದುರಿಗಿಡುವುದೇ ಅದರ ಹೆಚ್ಚುಗಾರಿಕೆ.

ಇನ್ನೊಂದು 2016ರ ‘ಸ್ಟೆಪಿಂಗ್ ಸ್ಟೋನ್ಸ್’. ಮಾರ್ಗ್ರೀಟ್ ರೂಅರ್ಸ್ ಬರೆದ ಈ ಪುಸ್ತಕದ ಚಿತ್ರಗಳು ಸಿರಿಯಾದ ಕಲಾವಿದ ನಿಜಾರ್ ಅಲಿ ಬದ್ರ್ ಅವರವು. ಕಲ್ಲು ಹರಳುಗಳನ್ನು ಜೋಡಿಸಿ ಅವರು ಮನುಷ್ಯರನ್ನು ಮಾಡುತ್ತಾರೆ. ಬೆನ್ನ ಮೇಲೆ ಗಂಟು ಹೊತ್ತು ಬಾಗಿದ ತಂದೆ, ಕೂಸನ್ನು ಅಪ್ಪಿದ ತಾಯಿ. ಕಲ್ಲಿಗೆ ಕಣ್ಣು ಮೂಗು ಇಲ್ಲ, ಆದರೂ ದಣಿವು ಕಾಣುತ್ತದೆ. ಶಕ್ತಿನಗರದ ಮಗ್ಗುಲಲ್ಲೇ ಕೃಷ್ಣಾ ನದಿಯಿದೆ. ಪುಸ್ತಕ ಸಿಗದಿದ್ದರೂ ಕಲ್ಲಿಗೆ ಬರವಿಲ್ಲ. ಶಾಲೆಯ ಅಂಗಳದಲ್ಲಿ ‘ಗುಳೆ ಹೊರಟ ಮನೆಮಂದಿ’ಯನ್ನು ಕಲ್ಲಲ್ಲಿ ಜೋಡಿಸುವ ಆಟಕ್ಕೆ ಖರ್ಚೇನೂ ಇಲ್ಲ.

ಎಚ್ಚರಿಕೆಯೂ ಬೇಕು. ‘ಮನೆ ಬಿಡಬೇಕಾದರೆ ನೀನು ಏನು ತೆಗೆದುಕೊಂಡು ಹೋಗುತ್ತೀ?’ ಎಂಬ ಪ್ರಶ್ನೆ ಶಿಕ್ಷಕರಿಗೆ ಪ್ರಿಯವಾದದ್ದು. ಮನೆಯಲ್ಲಿ ನೆಮ್ಮದಿಯಾಗಿರುವ ಮಗುವಿಗೆ ಅದು ಒಳ್ಳೆಯ ಪ್ರಶ್ನೆ. ನಿನ್ನೆ ಮೊನ್ನೆ ನಿಜವಾಗಿ ಮನೆ ಬಿಟ್ಟುಬಂದ ಮಗುವನ್ನು ಎಲ್ಲರೆದುರು ಹಾಗೆ ಕೇಳುವುದು ಕ್ರೌರ್ಯ. ಹಾಗೆಯೇ, ಕಥೆ ಮುಗಿದೊಡನೆ ‘ಪಾಪ’ ಎನ್ನಿಸಿ ಬಿಟ್ಟರೆ ಸಾಲದು. ಕನಿಕರಕ್ಕೆ ಗುರಿಯಾದ ಮಗುವನ್ನು ಆಟಕ್ಕೆ ಯಾರೂ ಕರೆಯುವುದಿಲ್ಲ. ‘ಮತ್ತ ಅವರು ತಮ್ಮ ಮನಿಗೆ ಯಾಕ ಹೋಗಲಿಲ್ಲ?’ ಎಂದು ಮಗು ಕೇಳಿದರೆ ಸುಳ್ಳು ಸಮಾಧಾನ ಬೇಡ. ‘ಅಲ್ಲಿ ಇರಲಿಕ್ಕೆ ಹೆದರಿಕಿ ಇತ್ತು, ಅದಕ್ಕ ಇಲ್ಲೇ ಮನಿ ಕಟ್ಟಿಕೊಂಡ್ರು’ ಎಂದರಾಯಿತು.

ಕರ್ನಾಟಕದ ಮಟ್ಟಿಗೆ ಸಾಮಗ್ರಿಗೆ ಕೊರತೆಯಿಲ್ಲ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಕಾಡು ಕಡಿದು ಮನೆ ಕಟ್ಟಿದ ಟಿಬೆಟನ್ನರಿದ್ದಾರೆ. ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ದುಡಿದ ತಮಿಳರಿದ್ದಾರೆ. ಸಿಂಧನೂರಿನ ಕಥೆಯನ್ನು ಪುಟ್ಟ ಮಕ್ಕಳ ಚಿತ್ರಪುಸ್ತಕವಾಗಿಸುವ ಕೆಲಸವನ್ನು ಇಲ್ಲಿನ ಶಾಲೆಗಳೇ ಕೈಗೆತ್ತಿಕೊಳ್ಳಬಹುದು. ಹದಿನಾರು ಪುಟ ಸಾಕು. ಮಾತು ಕಡಿಮೆ ಇರಲಿ, ಇರುವ ಮಾತು ಕನ್ನಡದಲ್ಲೂ ಬಂಗಾಳಿಯಲ್ಲೂ ಇರಲಿ. ಮೊದಲ ಪುಟದಲ್ಲಿ ದೋಣಿ, ಕಡೆಯ ಪುಟದಲ್ಲಿ ಕಾಲುವೆ ಪಕ್ಕದ ಭತ್ತದ ಗದ್ದೆ. ಚಿತ್ರ ಬರೆದ ಮೇಲೆ ಅಚ್ಚಿಗೆ ಕೊಡುವ ಮುನ್ನ ಕ್ಯಾಂಪಿನ ಅಜ್ಜಿಯೊಬ್ಬರಿಗೆ ತೋರಿಸಬೇಕು. ಆ ದೋಣಿಯ ಮೂತಿ ಹೇಗಿತ್ತು, ಮನೆಯ ಮೇಲೆ ಹೊದಿಸಿದ್ದು ಹುಲ್ಲೋ ತಗಡೋ ಎಂಬುದು ಅವರಿಗಲ್ಲದೆ ಬೇರೆ ಯಾರಿಗೂ ತಿಳಿಯದು.