ಹೆದ್ದಾರಿಗೆ ಬುದ್ಧಿ ಬಂತು, ಊರ ದಾರಿಗೆ?



ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗ್ತಾ ಇದ್ದೀರಿ. ಶ್ರೀರಂಗಪಟ್ಟಣ ತಾಲೂಕಿನ ಗಣಂಗೂರು ಟೋಲ್ ಬಂತು. ಕಾರಿನ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್‌ಗೆ ಬ್ಯಾಟರಿ ಇಲ್ಲ, ವೈರ್ ಇಲ್ಲ. ಮೇಲಿರುವ ಯಂತ್ರ ರೇಡಿಯೋ ತರಂಗ ಕಳಿಸುತ್ತೆ, ಟ್ಯಾಗ್ ತನ್ನ ನಂಬರ್ ಹೇಳುತ್ತೆ, ದುಡ್ಡು ಕಟ್ ಆಗುತ್ತೆ. ಸ್ಪೀಡು 100 ದಾಟಿದರೆ ಕ್ಯಾಮೆರಾ ವೇಗ ಅಳೆದು, ನಂಬರ್ ಪ್ಲೇಟ್ ಓದುತ್ತೆ. ದಂಡದ ಮೆಸೇಜು ಮೊಬೈಲಿಗೆ ಬರುತ್ತೆ. ಇದಕ್ಕೇ ಬುದ್ಧಿವಂತ ಸಂಚಾರ ವ್ಯವಸ್ಥೆ ಅನ್ನೋದು.

ಇದು ಬೇಡ ಅಂತ ನಾನು ಹೇಳ್ತಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಎಷ್ಟು ಹೆಣ ಬಿದ್ದವು ಅನ್ನೋದು ಮಂಡ್ಯ ಜಿಲ್ಲೆಯವರಿಗೆ ಗೊತ್ತು. ಬಿಗಿ ಮಾಡಲೇಬೇಕಿತ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಇಲ್ಲಿ ಪ್ರವೇಶ ನಿಷೇಧವಾಯಿತು. ಸರಿ, ಅವರೆಲ್ಲ ಸರ್ವೀಸ್ ರಸ್ತೆಗೆ ಇಳಿದರು. ಆದರೆ ಅವರ ಜೊತೆ ಈ ಬುದ್ಧಿವಂತಿಕೆಯೂ ಇಳಿಯಿತಾ?

ಪಾಂಡವಪುರದ ಕಡೆ ಹೋಗಿ ನೋಡಿ. ಕಬ್ಬು ಕಡಿಯುವ ಕಾಲದಲ್ಲಿ, ಕತ್ತಲಲ್ಲಿ, ಹಿಂದೆ ದೀಪವಿಲ್ಲದ ಟ್ರೇಲರ್ ಮುಂದೆ ಹೋಗ್ತಿರುತ್ತೆ. ಹಿಂದಿನಿಂದ ಬರುವ ಬೈಕಿನವನಿಗೆ ಕಾಣೋದು ಕೊನೇ ಗಳಿಗೆಯಲ್ಲಿ. ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಸಂಜೆ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳನ್ನು ಕೇಳಿ. ಬಸ್ಸು ಬರುತ್ತಾ, ಕೈಕೊಡುತ್ತಾ? ಅದನ್ನು ಅವರಿಗೆ ಹೇಳೋರು ಯಾರು?

ಇದು ಆಗದ ಕೆಲಸ ಅಂತ ಮಾತ್ರ ಯಾರೂ ಹೇಳಬೇಡಿ. ಪಕ್ಕದ ಮೈಸೂರಿನಲ್ಲೇ 2012ರಲ್ಲಿ ಕೆಎಸ್‌ಆರ್‌ಟಿಸಿ ಸುಮಾರು 500 ನಗರ ಬಸ್ಸುಗಳಿಗೆ ಜಿಪಿಎಸ್ ಹಾಕಿತ್ತು. ಬಸ್ಸು ಎಲ್ಲಿದೆ ಅನ್ನೋ ಮಾಹಿತಿ ಮೊಬೈಲ್ ಜಾಲದ ಮೂಲಕ ಕಂಟ್ರೋಲ್ ರೂಮಿಗೆ, ಅಲ್ಲಿಂದ ನಿಲ್ದಾಣದ ಬೋರ್ಡಿಗೆ ಹೋಗುವ ವ್ಯವಸ್ಥೆ ಅದು. ಆ ತಂತ್ರ ಕಾವೇರಿ ದಾಟಿ ಈ ತಾಲೂಕುಗಳಿಗೆ ಬರೋಕೆ ಇನ್ನೆಷ್ಟು ವರ್ಷ ಬೇಕು?

ಈಗ ಒಂದು ಕಹಿ ನೆನಪು. 2018ರ ನವೆಂಬರ್ 24. ಪಾಂಡವಪುರ ತಾಲೂಕಿನ ಕನಗನಮರಡಿ. ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಬಿತ್ತು. 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಒಂದು ತಿಂಗಳು ಕಳೆದು, 2019ರ ಜನವರಿ 1ರಿಂದ, ಹೊಸದಾಗಿ ನೋಂದಣಿಯಾಗುವ ಬಸ್ಸುಗಳಿಗೆ ಜಿಪಿಎಸ್ ಸಾಧನ ಮತ್ತು ಪ್ಯಾನಿಕ್ ಬಟನ್ ಕಡ್ಡಾಯ ಅನ್ನೋ ನಿಯಮ ಜಾರಿಗೆ ಬಂತು.

ಆ ಬಸ್ಸಿನಲ್ಲಿ ಜಿಪಿಎಸ್ ಇದ್ದಿದ್ದರೆ ಏನಾಗ್ತಿತ್ತು? ಬಸ್ಸು ಎಲ್ಲಿ ಮುಳುಗಿದೆ ಅಂತ ಹೇಳುತ್ತಿತ್ತು, ಅಷ್ಟೆ. ನೀರಿಗೆ ಬೀಳದ ಹಾಗೆ ಹಿಡಿಯೋಕೆ ಬೇಕಿರೋದು ನಾಲೆ ಪಕ್ಕದ ಗಟ್ಟಿ ತಡೆಗೋಡೆ. ಹಾಗಂತ ಜಿಪಿಎಸ್ ದಂಡ ಅಂತಲ್ಲ. ಯಾವ ಬಸ್ಸು ದಿನಾ ಮಿತಿಮೀರಿ ಓಡುತ್ತೆ ಅನ್ನೋದು ಅದರಲ್ಲಿ ದಾಖಲಾಗುತ್ತೆ. ಆ ದಾಖಲೆಯನ್ನು ಅಪಘಾತ ಆಗೋ ಮೊದಲೇ ತೆಗೆದು ನೋಡುವ ಅಧಿಕಾರಿ ಬೇಕು. ನೋಡೋರೇ ಇಲ್ಲದಿದ್ದರೆ ಅದು ಡಬ್ಬ ಮಾತ್ರ.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರೇ. ನಾಲೆ, ಕೆರೆ ಏರಿಗಳಲ್ಲಿ ಎಲ್ಲೆಲ್ಲಿ ತಡೆಗೋಡೆ ಇಲ್ಲವೋ ಅಲ್ಲಿ ಮೊದಲು ಕಟ್ಟಿ. ಹಳೆಯದಿರಲಿ ಹೊಸದಿರಲಿ, ಹಳ್ಳಿಗೆ ಹೋಗುವ ಪ್ರತಿ ಬಸ್ಸಿಗೂ ಜಿಪಿಎಸ್ ಹಾಕಿ, ಅದು ಎಲ್ಲಿದೆ ಅಂತ ಕಾಯುವವರಿಗೂ ತಿಳಿಸಿ. ಕಬ್ಬಿನ ಪ್ರತಿ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಅಂಟಿಸಿ. ಫಾಸ್ಟ್ಯಾಗ್ ಥರ ಅದಕ್ಕೂ ಬ್ಯಾಟರಿ ಬೇಡ. ಬೆಲೆಯೂ ಹೆಚ್ಚೇನಿಲ್ಲ.

ಟೋಲ್ ಕಟ್ಟಿ 100ರ ಸ್ಪೀಡಲ್ಲಿ ಹೋಗುವವರ ಜೀವಕ್ಕೆ ಬೆಲೆ ಇದೆ. ಅದೇ ರಸ್ತೆಯ ಪಕ್ಕದಲ್ಲಿ ಬಸ್ಸಿಗೆ ಕಾಯ್ತಾ ನಿಂತಿರುವ ಮಗುವಿನ ಜೀವಕ್ಕೂ ಅಷ್ಟೇ ಬೆಲೆ ಇದೆ. ಯೋಚನೆ ಮಾಡಿ.